ಸಿದ್ದವ್ವನ ಸಾಕ್ಷಿ

ಮುದ್ದೇಬಿಹಾಳ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ತನ್ನ ವಕೀಲರು ಎದುರಾಳಿಯ ವಕೀಲರ ತಟ್ಟೆಯಿಂದ ಭಜಿ ತೆಗೆದು ತಿನ್ನುವುದನ್ನು ಹಜರಾಬಿ ಕಣ್ಣಾರೆ ಕಂಡಳು. ಈಗಷ್ಟೇ ಒಳಗೆ ಇಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯ್ದಿದ್ದರು. ಇದು ಸುಳ್ಳು ದಾವೆ ಎಂದು ಎದುರಾಳಿಯ ವಕೀಲ ಚನ್ನಬಸಯ್ಯನವರು ಮೇಜು ಗುದ್ದಿದ್ದರು. ಈಗ ಅದೇ ಚನ್ನಬಸಯ್ಯನವರು ಏನೋ ಹೇಳಿದರು. ಅವಳ ವಕೀಲ ಬಸಂತರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನ್ನನ್ನು ಕಂಡೇ ನಗುತ್ತಿದ್ದಾರೆ ಅಂದುಕೊಂಡಳು ಹಜರಾಬಿ.

ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದ ಹೊಸತು. ಗಂಡ ನಬಿಲಾಲ ತೀರಿಕೊಂಡ ಮೇಲೆ ಅವಳು ಮಸೂತಿ ಎಂಬ ಊರಲ್ಲಿ ತಾನೇ ಎತ್ತು ಹೂಡಿ ಹೊಲ ಮಾಡುತ್ತಿದ್ದಳು. ಹೊಲಕ್ಕೆ ಬಂಡಿ ಹೋಗಬೇಕೆಂದರೆ ಪಕ್ಕದ ಕಾಸಿಂಸಾಬನ ಹೊಲ ದಾಟಬೇಕು. ಅವಳ ಎತ್ತು ಬೆಳೆಗೆ ಬಾಯಿ ಹಾಕಿತೆಂದು ಜಗಳವಾಗಿ ಅವನು ಜಾಲಿಮುಳ್ಳು ಎಳೆದು ದಾರಿ ಮುಚ್ಚಿದ. ಹಳ್ಳದ ಮಗ್ಗುಲಿಗೆ ಸುತ್ತಿನ ದಾರಿಯೊಂದಿತ್ತು. ಅಲ್ಲಿ ಹೇರಿದ ಬಂಡಿ ಹೂತುಕೊಳ್ಳುತ್ತಿತ್ತು. ದಾವೆ ಹಾಕಿದಳು.

"ಇಪ್ಪತ್ತ ವರ್ಷ ಯಾರ ತಡಿ ಇಲ್ಲದ ನಡದಾಡಿದ ದಾರಿ ಹಕ್ಕ ಆಗತೈತಿ," ಎಂದಿದ್ದರು ಬಸಂತರಾಯರು. "ನಿಮ್ಮ ಕಡಿ ಇರೂದೆಲ್ಲಾ ನನಗ ಹೇಳ್ರಿ. ಚಲೋದೂ ಹೇಳ್ರಿ, ಕೆಟ್ಟದ್ದೂ ಹೇಳ್ರಿ."

ಭಜಿ ಕಂಡ ದಿನದಿಂದ ಅವಳು ಏನನ್ನೂ ಹೇಳಲಿಲ್ಲ. ಸಾಕ್ಷಿ ಯಾರಿದ್ದಾರೆಂದು ಅವರು ಕೇಳಿದಾಗಲೂ "ನೋಡೋಣ್ರಿ" ಎಂದಳು. ಇವರಿಗೆ ಹೇಳಿದ್ದು ಸಂಜೆಯೊಳಗೆ ಕಾಸಿಂಸಾಬನ ಕಿವಿಗೆ ಬೀಳುತ್ತದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಅವಳ ಸಾಕ್ಷಿ ಸಿದ್ದವ್ವ. ಹಜರಾಬಿಯ ಬಾಣಂತನ ಮಾಡಿದ ಮುದುಕಿ. ಆ ಹೊಲಗಳ ನಡುವೆಯೇ ಎಮ್ಮೆ ಮೇಯಿಸುತ್ತ ಕೂದಲು ಬೆಳ್ಳಗಾದವಳು. ವಿಚಾರಣೆಯ ದಿನ ಅವಳನ್ನು ಬಸ್ಸಿನಲ್ಲಿ ಕರೆತಂದು ನೇರವಾಗಿ ಕೋರ್ಟಿನ ಬಾಗಿಲಲ್ಲಿ ನಿಲ್ಲಿಸಿದಳು.

ಬಸಂತರಾಯರು ಬೆಚ್ಚಿದರು. "ಮದ್ಲ ನಾ ಈಕಿ ಕೂಡ ಚೂರು ಮಾತಾಡ್ತೇನಿ. ಏನ ಹೇಳ್ತಾಳ ಗೊತ್ತಾಗಬೇಕಲ್ಲ."

"ಜಡ್ಜರ ಮುಂದ ಹೇಳ್ತಾಳ್ರಿ. ಅಲ್ಲೇ ಕೇಳ್ರಿ."

"ಹಜರಾಬಿ, ಇದು ಸರಿ ಅಲ್ಲ."

"ನನ್ನ ಸಾಕ್ಷಿ ನನ್ನಿಷ್ಟ್ರಿ."

ಅಷ್ಟರಲ್ಲಿ ಕೋರ್ಟಿನ ಪಟ್ಟೇವಾಲಾ ಬಾಗಿಲಿಗೆ ಬಂದು ಅವರ ದಾವೆ ಕೂಗಿದ.

ಸಿದ್ದವ್ವ ಪ್ರಮಾಣ ಮಾಡಿ ಸಾಕ್ಷಿಕಟ್ಟೆಯಲ್ಲಿ ನಿಂತಳು. ಬಸಂತರಾಯರು ಕೇಳಿದ್ದಕ್ಕೆ, ನಬಿಲಾಲನ ಬಂಡಿ ಆ ದಾರಿಯಲ್ಲೇ ಹೋಗುತ್ತಿತ್ತು, ಹಜರಾಬಿ ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ ಎಂದಳು. ಹಜರಾಬಿಯ ಎದೆ ಹಗುರವಾಯಿತು.

ಚನ್ನಬಸಯ್ಯನವರು ಎದ್ದರು. ಈ ಸಲ ದನಿ ಏರಿಸಲಿಲ್ಲ. "ಯವ್ವಾ, ಕಾಸಿಂಸಾಬನ ಅಪ್ಪ ಎಂಥಾ ಮನಷ್ಯಾ ಇದ್ದ?"

"ಭಾಳ ಚಲೋ ಮನಷ್ಯಾರಿ. ಸುಗ್ಗಿ ಬಂದಾಗೊಮ್ಮಿ ನಬಿಲಾಲ ಅವರ ಮನಿಗೆ ಹೋಗಿ 'ಕಾಕಾ, ಬಂಡಿ ಹೊಡೀಲ್ಯಾ?' ಅಂತ ಕೇಳಾಂವ. 'ಹೊಡಿಯಪ್ಪಾ' ಅನ್ನಾಂವ. ಒಮ್ಮ್ಯರೆ ಇಲ್ಲ ಅಂದಿಲ್ಲ ನೋಡ್ರಿ."

"ಸಾಕವ್ವಾ," ಎಂದು ಅವರು ಕುಳಿತರು. ಬಸಂತರಾಯರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಸಾಕ್ಷಿ ಚೆನ್ನಾಗಿಯೇ ಆಯಿತೆಂದು ಹಜರಾಬಿ ತಿಳಿದಿದ್ದಳು. ಹೊರಗೆ ಬಂದ ಮೇಲೆ ಬಸಂತರಾಯರು ಬಿಡಿಸಿ ಹೇಳಿದರು. "ಅಪ್ಪಣಿ ಕೇಳಿ ಹೋದ ದಾರಿ ನೂರ ವರ್ಷ ಆದರೂ ಹಕ್ಕ ಆಗೂದಿಲ್ಲ. ಅದು ಅವರ ದಯಾ ಆಗತೈತಿ. ನನಗ ಮದ್ಲ ಗೊತ್ತಿದ್ದರ ಈಕಿನ್ನ ಕಟ್ಟಿ ಹತ್ತಸ್ತಿದ್ದಿಲ್ಲ."

ವಕೀಲರಿಗೆ ಅವಳು ಏನನ್ನೂ ಹೇಳಿರಲಿಲ್ಲ. ಅವರು ಯಾರಿಗೂ ಏನನ್ನೂ ಮಾರಿರಲು ಸಾಧ್ಯವಿರಲಿಲ್ಲ. ಆದರೂ ಅವಳ ಅನುಮಾನ ಸುಮ್ಮನಾಗಲಿಲ್ಲ, ಮನೆ ಬದಲಿಸಿತು. ಅಷ್ಟೊಂದು ಹೊಗಳುವ ಅಗತ್ಯ ಸಿದ್ದವ್ವನಿಗೆ ಏನಿತ್ತು? ಕಾಸಿಂಸಾಬ ಅವಳನ್ನು ಯಾವಾಗ ಕಂಡಿದ್ದ? ಬಸ್ಸಿನಲ್ಲಿ ಹಜರಾಬಿ ಬೇರೆ ಸೀಟಿನಲ್ಲಿ ಕುಳಿತಳು. ಊರಲ್ಲಿ ಸಿದ್ದವ್ವನ ಎಮ್ಮೆ ಎದುರಿಗೆ ಬಂದರೆ ಓಣಿ ಬದಲಿಸಿದಳು.

ದಾವೆ ವಜಾ ಆಯಿತು. ಆ ಸುಗ್ಗಿಗೆ ಜೋಳದ ತೆನೆಯನ್ನು ಹೇಗೆ ಸಾಗಿಸುವುದೆಂದು ಯೋಚಿಸುತ್ತಿದ್ದಾಗ ಒಂದು ಬೆಳಿಗ್ಗೆ ನೋಡಿದರೆ, ಜಾಲಿಮುಳ್ಳು ದಾರಿಯಿಂದ ಸರಿದು ಬದುವಿನ ಮೇಲೆ ಬಿದ್ದಿತ್ತು. ಇದರಲ್ಲೂ ಏನೋ ಇರಬೇಕು ಅನ್ನಿಸಿತು. ಬಂಡಿ ಹೊಡೆದರೆ ಅತಿಕ್ರಮಣವೆಂದು ಕಾಸಿಂಸಾಬ ಕೇಸು ಹಾಕುತ್ತಾನೋ ಏನೋ. ಬೆಳಗ್ಗಿನ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಹೋದಳು. ಜಗಳ ಹೇಗೆ ಹುಟ್ಟಿತು, ಯಾರು ಏನು ಬೈದರು, ತಾನೇನು ಬೈದೆ, ಎಲ್ಲವನ್ನೂ ಬಸಂತರಾಯರ ಮುಂದೆ ಹೇಳಿದಳು.

"ಅವನ ಮನಿಗೆ ಹೋಗಿ ಕೇಳ್ರಿ," ಎಂದರು ಅವರು. "ಹೂಂ ಅಂದರ ಹೋಗ್ರಿ. ಅಷ್ಟ."

ಕಾಸಿಂಸಾಬ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅವಳು ಕೇಳಿದಳು. ಅವನು ತಲೆ ಎತ್ತದೆಯೇ "ಹೊಡಿ. ಅಪ್ಪ ಹೂಂ ಅಂತಿದ್ದ ಅಂತ ನನಗೂ ಕೋರ್ಟಿನ್ಯಾಗ ಗೊತ್ತಾತು," ಎಂದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಏನೂ ಸಿಗಲಿಲ್ಲ.

ತೆನೆ ಹೇರಿದ ಬಂಡಿ ಹೊಡೆದುಕೊಂಡು ಬರುವಾಗ ದಾರಿಯ ತಿರುವಿನಲ್ಲಿ ಸಿದ್ದವ್ವ ಎಮ್ಮೆಯೊಂದಿಗೆ ನಿಂತಿದ್ದಳು. ಹಜರಾಬಿ ಎತ್ತು ನಿಲ್ಲಿಸಿದಳು.

"ಅವತ್ತ ಯಾಕ ಹಂಗ ಹೇಳಿದಿ?"

"ದೇವರ ಮ್ಯಾಲ ಆಣಿ ಮಾಡ್ಸಿದ್ರಲ್ಲ. ಖರೇ ಹೇಳಿದ್ನಿ. ಸುಳ್ಳ ಹೇಳಬೇಕಿತ್ತೇನು?"

"ನನಗ ಮದ್ಲ ಹೇಳಬೇಕಿತ್ತು."

"ನೀ ಎಲ್ಲಿ ಕೇಳಿದಿ?"

ಹಜರಾಬಿ ಬಂಡಿಯ ಮೇಲೆ ಪಕ್ಕಕ್ಕೆ ಸರಿದು ಮುದುಕಿಗೆ ಜಾಗ ಮಾಡಿಕೊಟ್ಟಳು.