ಅಜ್ಜಿಯ ಸಾಕ್ಷಿ

"ಕೈ ತೆಗಿಯೋ. ನಮ್ಮವ್ವನ ಸಾಕ್ಷಿ ಕದ್ದೋನು ನನ್ನ ಕಾಲು ಮುಟ್ಬೇಡ. ಬೇಕಾದ್ರೆ ನಾಯಿ ಹತ್ರ ನೆಕ್ಕಿಸ್ಕೋತೀನಿ."

ಹಾಯ್ಟ್ ಮಾವ ಬೋಗುಣಿಯಿಂದ ಕಾಲನ್ನು ಎಳೆದುಕೊಂಡ ರಭಸಕ್ಕೆ ನೀರು ಡೆಲ್ಮರನ ಎದೆಗೆ ಚಿಮ್ಮಿತು. ಗಂಡಸರ ಬೆಂಚುಗಳಲ್ಲಿ ಹಾಡು ಅರ್ಧಕ್ಕೇ ನಿಂತಿತು. ಆಚೆ ಬದಿಯ ಹೆಂಗಸರು ಒಬ್ಬರ ಪಾದ ಒಬ್ಬರು ಹಿಡಿದುಕೊಂಡೇ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು.

ಕೆಂಟಕಿಯ ಆ ಕಣಿವೆಯ ಚರ್ಚಿನಲ್ಲಿ ವರ್ಷಕ್ಕೊಮ್ಮೆ, ಯೇಸು ಶಿಷ್ಯರ ಕಾಲು ತೊಳೆದಂತೆ, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಒಬ್ಬರ ಕಾಲು ಒಬ್ಬರು ತೊಳೆಯುತ್ತಾರೆ. ಆ ಬೆಂಚು ಸೇರಬೇಕೆಂದರೆ, ದೇವರು ತನ್ನನ್ನು ಹೇಗೆ ಮುಟ್ಟಿದ ಎಂದು ಮೊದಲು ಎಲ್ಲರೆದುರು ಸಾಕ್ಷಿ ಹೇಳಬೇಕು. ಡೆಲ್ಮರನನ್ನು ದೇವರು ಮುಟ್ಟಿರಲಿಲ್ಲ. ಮೂರು ವರ್ಷ ಕಾದ. ಮರದ ಮಿಲ್ಲಿನಿಂದ ಬಂದವನೇ ಮೈಮೇಲಿನ ಹೊಟ್ಟನ್ನೂ ಕೊಡವದೆ ಮೊಣಕಾಲೂರುತ್ತಿದ್ದ. ಮೊಣಕಾಲು ನೋಯುತ್ತಿತ್ತು, ಅಷ್ಟೇ.

ಕಡೆಗೆ ಕಳೆದ ವರ್ಷ, ಸಾಯುವ ಮುಂಚೆ ಅಜ್ಜಿ ತನಗೊಬ್ಬನಿಗೇ ಹೇಳಿದ್ದನ್ನು ತನ್ನದೆಂದು ಹೇಳಿಬಿಟ್ಟ. ಬೀನ್ಸ್ ಕೀಳುತ್ತಿದ್ದಾಗ ಎಲೆಗಳೆಲ್ಲ ಅಲುಗದೆ ನಿಂತದ್ದು. ಬೆನ್ನ ಹಿಂದೆ ಯಾರೋ ಹೆಸರು ಹಿಡಿದು ಕರೆದದ್ದು. ಇಡೀ ಚರ್ಚು ಅತ್ತಿತು, ಎಲ್ಲರಿಗಿಂತ ಜೋರಾಗಿ ಹಾಯ್ಟ್ ಮಾವ. ಡೆಲ್ಮರನನ್ನು ಹಳ್ಳದಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ನೀರು ತಣ್ಣಗಿತ್ತು.

ಕಳೆದ ಭಾನುವಾರ ಅವನೇ ಎದ್ದು ನಿಜ ಹೇಳಿದ. ಸುಳ್ಳಿಗೆ ಅತ್ತಿದ್ದ ಜನ ನಿಜಕ್ಕೆ ಕೆಮ್ಮಿ ಸುಮ್ಮನಾದರು. ಈವತ್ತು ಮಾವನ ಕಾಲು ತೊಳೆದರೆ ಒಳಗೆ ಏನಾದರೂ ಆದೀತೆಂದು ಬೋಗುಣಿ ಹಿಡಿದು ಬಂದಿದ್ದ.

"ಒಪ್ಕೊಂಡಿದೀನಲ್ಲ ಮಾವ."

"ಒಪ್ಕೊಂಡ್ರೆ? ಮೂಗು ಸುರಿಸ್ಕೊಂಡು ಅತ್ನಲ್ಲೋ ನಾನು. ಒಳಗೊಳಗೇ ನಗ್ತಿದ್ದೆ ತಾನೆ?"

ಡೆಲ್ಮರ್ ನಕ್ಕಿರಲಿಲ್ಲ. ಅತ್ತೂ ಇರಲಿಲ್ಲ.

ಮುದುಕ ಬೋಧಕ ಕ್ಲೆಲ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಒಂದು ಮಾತು ಸಾಕು ಮಗಾ. ಈಗ, ಈ ಗಳಿಗೇಲಿ, ದೇವ್ರು ನಿನ್ನ ಮುಟ್ಟಿದಾನಾ? ಹೂಂ ಅನ್ನು, ಎಲ್ಲಾ ಮರೀತೀವಿ. ನಿನ್ನ ಮಾವನೂ ಕಾಲು ಕೊಡ್ತಾನೆ. ಕೊಡ್ತೀಯಲ್ಲ ಹಾಯ್ಟ್?"

"ಮೊದ್ಲು ಅನ್ಲಿ, ನೋಡಣ."

ಡೆಲ್ಮರ್ ಒಳಗೆ ಹುಡುಕಿದ. ಅಂಗಿ ಒದ್ದೆಯಾಗಿತ್ತು. ಎದುರಿಗೆ ಮಾವನ ಹೆಬ್ಬೆರಳು, ದಿಮ್ಮಿ ಬಿದ್ದು ಕಪ್ಪಾದ ಉಗುರು. ಅಂದು ಮಾವನನ್ನು ಆಸ್ಪತ್ರೆಗೆ ಹೊತ್ತೊಯ್ದವನು ಡೆಲ್ಮರನೇ. ಹೂಂ ಅಂದಿದ್ದರೆ ಇಷ್ಟು ಹೊತ್ತಿಗೆ ಆ ಕಾಲು ಅವನ ಅಂಗೈಯಲ್ಲಿರುತ್ತಿತ್ತು. ಇನ್ನೊಂದು ಸ್ವಲ್ಪ ಹುಡುಕಿದ. ಏನೂ ಇರಲಿಲ್ಲ.

ಎದ್ದು ಟವೆಲ್ ಬಿಚ್ಚಿ, ಮಡಿಸಿ, ಬೆಂಚಿನ ಮೇಲಿಟ್ಟ.

"ನಿನ್ನನ್ನೇ ಕೇಳ್ತಿರೋದು," ಎಂದ ಹಾಯ್ಟ್ ಮಾವ. ದನಿ ಸ್ವಲ್ಪ ಇಳಿದಿತ್ತು. "ಸುಮ್ನೆ ಒಂದ್ಸಲ ಹೂಂ ಅನ್ನೋಕೆ ಏನೋ ನಿಂಗೆ?"

ಡೆಲ್ಮರ್ ಬೆಂಚುಗಳ ನಡುವೆ ಬಾಗಿಲ ಕಡೆಗೆ ನಡೆದ.

"ಬೂಟಾದ್ರೂ ಹಾಕ್ಕೊಂಡು ಹೋಗೋ," ಹಿಂದಿನಿಂದ ಯಾರೋ ಕೂಗಿದರು.

ಹೊರಗೆ ಜಲ್ಲಿ ಹಾಸಿದ ದಾರಿ. ಅವನು ಬರಿಗಾಲಲ್ಲೇ ಇಳಿದು ಹೋದ.