ಚಕ್ರದ ಮೇಲಿನ ಕಪ್ಪು ಪಟ್ಟಿ

ಒಂಬತ್ತು ದಿನದಿಂದ ಮುಹಯ್ಯೊ ಕಾರಿನ ಕೀ ಮುಟ್ಟಿರಲಿಲ್ಲ. ಮುಟ್ಟಲು ಬಿಟ್ಟರೆ ತಾನೆ? ಹೊಸ ಬಿಳಿ ಕಾರು ಮನೆಗೆ ಬಂದ ಮೂರನೆಯ ದಿನ, ಮುಂದಿನ ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಪಟ್ಟಿ ಸೊಟ್ಟಗಾಗಿ ಬಿರುಕು ಬಿಟ್ಟದ್ದು ಕಂಡದ್ದೇ ತಡ, ಗಂಡ ಬಹ್ರಾಮ್ ತೀರ್ಪು ಕೊಟ್ಟೇಬಿಟ್ಟ: "ಗೇಟಿನ ಕಂಬಕ್ಕೆ ಉಜ್ಜಿದ್ದೀಯ." ಕಂಬದ ಮೇಲೆ ಒಂದು ಗೀರಾದರೂ ತೋರಿಸಿ ಎಂದಳು ಅವಳು. ಕೇಳುವವರಾರು? ಕೀ ಅವನ ಜೇಬು ಸೇರಿತು. ಹಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆ ನೋಡಿಕೊಳ್ಳುವ ನರ್ಸಾದ ಅವಳು ಎರಡು ವ್ಯಾನು ಬದಲಿಸಿ ಕೆಲಸಕ್ಕೆ ಹೋಗಬೇಕಾಯಿತು. ಮೊನ್ನೆ ಅವಳು ತಲುಪುವಷ್ಟರಲ್ಲಿ ಕಸ ಗುಡಿಸುವಾಕೆಯೇ ಒಂದು ಹೆರಿಗೆ ಮಾಡಿಸಿ ಮಗುವನ್ನು ಕೈಗೆತ್ತಿಕೊಂಡು ನಿಂತಿದ್ದಳು. ಅತ್ತೆ ಸನೋಬರ್ ಮಾತ್ರ ಒಂಬತ್ತು ದಿನವೂ ಹಸಿರು ಚಹಾ ಹೀರುತ್ತ ತುಟಿ ಪಿಟಕ್ಕೆನ್ನಲಿಲ್ಲ.

ಭಾನುವಾರ ಮೈದುನನ ಮದುವೆ. ಮದುಮಗಳನ್ನು ಕರೆತರುವುದು ಇದೇ ಕಾರು. ಹಾಗಾಗಿ ಗಂಡ, ಹೆಂಡತಿ, ಅತ್ತೆ ಮೂವರೂ ಕೋಕಂದ್ ಪೇಟೆಯ ಕಾರು ಮೇಸ್ತ್ರಿ ತೋಜಿಬಾಯ್ ಉಸ್ತಾನ ಶೆಡ್ಡಿಗೆ ಬಂದರು.

ಉಸ್ತಾ ಕುಕ್ಕರುಗಾಲಲ್ಲಿ ಕೂತು ಪಟ್ಟಿಯ ಮೇಲೆ ಬೆರಳಾಡಿಸಿದ, ಮೂಸಿಯೂ ನೋಡಿದ. "ಇಸಿರಿಕ್ ಹೊಗೆ ಹಾಕಿದವರು ಯಾರಪ್ಪಾ?"

"ಏನು?" ಎಂದ ಬಹ್ರಾಮ್.

"ಇದು ಗುದ್ದಿದ್ದಲ್ಲ ತಮ್ಮಾ, ಬೆಂದಿದ್ದು. ನೋಡು, ಕರಗಿ ಇಳಿದಿದೆ, ಇಸಿರಿಕ್ ಬೀಜ ಬೇರೆ ಅಂಟ್ಕೊಂಡಿದೆ. ಹೊಸ ಕಾರಿಗೆ ದೃಷ್ಟಿ ತೆಗೀತೀವಿ ಅಂತ ಕೆಂಡದ ಬಾಣಲೇಲಿ ಆ ಬೀಜ ಸುಡ್ತಾ ತಂದು ಇಲ್ಲಿಗೇ ಒತ್ತಿ ಹಿಡೀತಾರೆ. ತಿಂಗಳಿಗೆ ಎರಡು ಬರ್ತವೆ ಇಂಥವು!"

ಹಿಂದಿನ ಸೀಟಿನಿಂದ ಅತ್ತೆಯ ದನಿ ಬಂತು. "ಒಳ್ಳೇದಕ್ಕೆ ತಾನೆ ಮಾಡಿದ್ದು? ಆ ಪಕ್ಕದ್ಮನೆಯವಳ ಕಣ್ಣು ಎಂಥದ್ದು ಅಂತ ನನಗೆ ಗೊತ್ತು."

ಬಹ್ರಾಮ್ ನಕ್ಕುಬಿಟ್ಟ. "ಹೋಗ್ಲಿ ಬಿಡಮ್ಮ, ಒಂದು ಪ್ಲಾಸ್ಟಿಕ್ ಚೂರು ತಾನೆ!"

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆ ಕಟ್ಟಿದವರು ಕಾರು ಕಂಡಿರಲಿಲ್ಲ, ಅಷ್ಟೆ. ಮುಹಯ್ಯೊಳ ಮೈಯೆಲ್ಲ ಉರಿದುಹೋಯಿತು.

"ಒಂದು ಚೂರಾ? ಹಾಗಾದ್ರೆ ಒಂಬತ್ತು ದಿನ ನನ್ನ ಕೈಯಿಂದ ಕೀ ಕಿತ್ಕೊಂಡಿದ್ದು ಯಾತಕ್ಕೆ?"

"ಊರೋರ ಮುಂದೆ ಶುರುಮಾಡಬೇಡ," ಎಂದು ಗದರಿದ ಬಹ್ರಾಮ್. ತಪ್ಪಾಯಿತು ಎಂಬ ಮಾತು ಅವನ ಬಾಯಿಂದಲೂ ಬರಲಿಲ್ಲ, ಅವನ ತಾಯಿಯ ಬಾಯಿಂದಲೂ ಬರಲಿಲ್ಲ.

ಉಸ್ತಾ ತಲೆ ಎತ್ತದೆ ಕೆಲಸ ಹಿಡಿದ. ಸುಟ್ಟ ಭಾಗ ಕತ್ತರಿಸಿ ತೆಗೆದ. ಗುಜರಿಯಿಂದ ಅದೇ ಜಾತಿಯ ಕಪ್ಪು ಪ್ಲಾಸ್ಟಿಕ್ ಆರಿಸಿ, ಹಿಂದೆ ತಂತಿಯ ಬಲೆಯಿಟ್ಟು, ಕಾದ ಕಬ್ಬಿಣದಿಂದ ಕರಗಿಸಿ ಬೆಸೆದ. ಉಜ್ಜಿ ನುಣುಪು ಮಾಡಿ ಬಿಸಿಗಾಳಿ ಹಾಯಿಸಿದಾಗ ಪಟ್ಟಿಯ ಕಪ್ಪು ಮರಳಿ ಬಂತು. ಎಲ್ಲಿ ಸುಟ್ಟಿತ್ತೆಂದು ಹುಡುಕಿದರೂ ಸಿಗುವಂತಿರಲಿಲ್ಲ. ತನ್ನ ತಪ್ಪಲ್ಲವೆಂಬುದಕ್ಕಿದ್ದ ಗುರುತೂ ಹೀಗೆ ಅಳಿಸಿಹೋದದ್ದನ್ನು ಮುಹಯ್ಯೊಗೆ ತಡೆಯಲಾಗಲಿಲ್ಲ. ನೆಲಕ್ಕೆ ಬಿದ್ದಿದ್ದ ಸುಟ್ಟ ಚೂರನ್ನು ಅವಳು ಎತ್ತಿಕೊಂಡಳು.

ಕೆಲಸಕ್ಕೆಂದು ಉಸ್ತಾ ಇಸಿದುಕೊಂಡಿದ್ದ ಕೀಗಾಗಿ ಬಹ್ರಾಮ್ ಕೈ ಚಾಚಿದ. ಅವಳೂ ಚಾಚಿದಳು. ಉಸ್ತಾ ಇಬ್ಬರನ್ನೂ ನೋಡಿ, ಕೀಯನ್ನು ಅವಳ ಅಂಗೈಯಲ್ಲಿಟ್ಟ. "ಹುಷಾರಾಗಿ ಓಡ್ಸು ತಂಗಿ. ಮೊದಲೂ ಹುಷಾರಾಗೇ ಓಡ್ಸಿದ್ದೀಯ."

ಅವಳು ಸ್ಟೀರಿಂಗಿನ ಮುಂದೆ ಕೂತು, ಕನ್ನಡಿಗೆ ನೇತುಬಿದ್ದಿದ್ದ ದೃಷ್ಟಿಮಣಿಯ ದಾರಕ್ಕೆ ಆ ಚೂರನ್ನೂ ಕಟ್ಟಿದಳು. ಕರಗಿದ ಪ್ಲಾಸ್ಟಿಕ್ಕಿನಲ್ಲಿ ಮೂರು ಬೀಜ ಎದ್ದು ಕಾಣುತ್ತಿದ್ದವು.

"ಅದೇನೇ ಅದು?" ಎಂದಳು ಅತ್ತೆ.

"ಇಲ್ಲೇ ಇರ್ಲಿ ಅತ್ತೆ. ಭಾನುವಾರ ಹೊಸ ಸೊಸೆ ಇದೇ ಕಾರಲ್ಲಿ ಬರ್ತಾಳಲ್ಲ, ಏನಿದು ಅಂತ ಕೇಳಿದ್ರೆ ನಾನೇ ಹೇಳ್ತೀನಿ," ಎಂದು ಮುಹಯ್ಯೊ ಕಾರು ಹೊರಡಿಸಿದಳು.