ಇನ್ನೂರ ನಲವತ್ತು ಸಾಲು

ನಬವಿಯಾಳ ಟ್ರಾಕ್ಟರ್ ಹೊಲಕ್ಕಿಳಿದ ಮೊದಲ ದಿನವೇ ಮುಂಗಾಲೆತ್ತಿ ನಿಂತಿತು. ಹಿಂದೆ ಕಟ್ಟಿದ್ದು ಮಾವನ ಕಾಲದ ಏಳು ಹಲ್ಲಿನ ನೇಗಿಲು, ಅರವತ್ತೈದು ಕುದುರೆಬಲದ ಗಾಡಿ ಎಳೆಯಲೆಂದು ಮಾಡಿಸಿದ್ದು. ಇವಳದು ಇಪ್ಪತ್ತೈದರ ಪುಟ್ಟ ಗಾಡಿ. ಲಿಫ್ಟಿನ ಹಿಡಿಯನ್ನು ಮೇಲಕ್ಕೆಳೆದಳು. ನೇಗಿಲು ಏಳುವ ಬದಲು ಟ್ರಾಕ್ಟರಿನ ಮೂತಿಯೇ ಎದ್ದಿತು. ಮುಂದಿನ ಎರಡು ಚಕ್ರಗಳು ನೆಲ ಬಿಟ್ಟು ಮೊಣಕಾಲೆತ್ತರದಲ್ಲಿ ಸುಮ್ಮನೆ ತೂಗಾಡಿದವು. ಕಾಲುವೆಯ ಏರಿಯ ಮೇಲೆ ಚಹಾ ಹೀರುತ್ತಿದ್ದ ಕಫ್ರುಲ್ ತೂತ್ ಊರಿನ ಗಂಡಸರು ಲೋಟ ಕೆಳಗಿಟ್ಟು ನಕ್ಕರು.

"ಇಳಿಯಮ್ಮಾ, ಅದು ಆಕಾಶ ಉಳೋಕೆ ಹೊರಟಿದೆ" ಎಂದ ಒಬ್ಬ.

ಅವಳು ಇಳಿಯಲಿಲ್ಲ. ಹಿಡಿಯನ್ನು ಕೆಳಗೆ ತಳ್ಳಿದಳು. ಮೂತಿ ದಪ್ಪನೆ ನೆಲಕ್ಕೆ ಬಿತ್ತು, ಅವಳ ಹಲ್ಲು ಹಲ್ಲಿಗೆ ಬಡಿಯಿತು. ಮತ್ತೆ ಎಳೆದಳು, ಮತ್ತೆ ಮೂತಿ ಎದ್ದಿತು. ಮೂರನೆಯ ಸಲವೂ ಎಳೆದಳು. ಅವಳ ಸ್ವಭಾವವೇ ಅಂಥದು. ಗೋಡೆ ಹಾಯ್ದರೆ ಗೋಡೆಯೇ ಸರಿಯಬೇಕು.

ಈ ಎಡವಟ್ಟಿಗೆಲ್ಲ ಮೂಲ ಅವಳ ಮಾವ. ಮುದುಕ ಸಾಯುವ ಮುಂಚೆ ಆಸ್ತಿ ಹಂಚುವಾಗ ತಾನೇ ಬುದ್ಧಿವಂತನೆಂದುಕೊಂಡು ಟ್ರಾಕ್ಟರನ್ನು ದೊಡ್ಡ ಮಗ ಮಿತ್ವಲ್ಲಿಗೂ, ನೇಗಿಲನ್ನು ಚಿಕ್ಕ ಮಗ, ನಬವಿಯಾಳ ಗಂಡ ಶಾಬಾನನಿಗೂ ಬರೆದಿದ್ದ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಉಳಲಾಗಬಾರದು, ಅಣ್ಣತಮ್ಮಂದಿರು ಒಟ್ಟಿಗಿರಲಿ ಎಂಬುದು ಅವನ ಲೆಕ್ಕ. ಶಾಬಾನ್ ಇರುವವರೆಗೆ ಲೆಕ್ಕ ನಡೆಯಿತು. ಅವನು ತೀರಿಹೋಗಿ ಮೂರು ವರ್ಷವಾಯಿತು. ಹಾಜಿ ಮಿತ್ವಲ್ಲಿ ತಮ್ಮನ ನೇಗಿಲನ್ನು ತಪ್ಪದೆ ಒಯ್ಯುತ್ತಿದ್ದ, ತನ್ನ ಹೊಲ ಉಳುತ್ತಿದ್ದ, ಮಾವಂದಿರ ಹೊಲ, ಅಳಿಯಂದಿರ ಹೊಲ, ಕೊನೆಗೆ ಪರಿಚಯದವರ ಹೊಲ ಉಳುತ್ತಿದ್ದ. ನಬವಿಯಾಳ ಎರಡು ಫೆದ್ದಾನಿಗೆ, ಅಂದರೆ ಎರಡೆಕರೆಯಷ್ಟು ಹೊಲಕ್ಕೆ, ಅವನು ಬರುವಾಗ ಊರಿನ ಮುಸುಕಿನ ಜೋಳವೆಲ್ಲ ಮೊಣಕಾಲು ದಾಟಿರುತ್ತಿತ್ತು. ಕೇಳಲು ಹೋದರೆ, "ಹೆಣ್ಣು ಹೆಂಗಸು, ನಿನಗ್ಯಾಕೆ ಈ ತಾಪತ್ರಯ? ಹೊಲ ನನಗೇ ಪಾಲಿಗೆ ಕೊಡು, ಕೂತಲ್ಲಿಗೆ ಜೋಳ ಕಳಿಸ್ತೀನಿ" ಎನ್ನುತ್ತಿದ್ದ. ಮೂರು ವರ್ಷ ಅದನ್ನು ಕೇಳಿ ಕೇಳಿ ಅವಳ ಕಿವಿ ಹಣ್ಣಾಗಿತ್ತು. ನಾಲ್ಕನೆಯ ವರ್ಷ ಎಮ್ಮೆ ಮಾರಿ ಈ ಹಳೆಯ ಗಾಡಿ ತಂದಳು.

ಇವತ್ತು ಏರಿಯ ಮೇಲೆ ನಕ್ಕವರ ನಡುವೆ ಹಾಜಿಯೂ ಇದ್ದ. ಜಪಮಾಲೆ ಎಣಿಸುತ್ತಾ ಕೆಳಗಿಳಿದು ಬಂದ.

"ಕುರಿಗೆ ಒಂಟೆ ಹೊರೆ ಹೊರಿಸಿದ್ರೆ ಹಿಂಗೇ ಆಗೋದು ನಬವಿಯಾ. ಇಳಿ, ಇಳಿ. ಮುಂದಿನ ವಾರ ನನ್ನ ಗಾಡಿ ಕಳಿಸ್ತೀನಿ."

"ನಿಮ್ಮ ಮುಂದಿನ ವಾರ ನಂಗೊತ್ತು ಭಾವ. ಅದು ರಂಜಾನ್ ಕಳೆದು ಬರುತ್ತೆ."

"ಅಲ್ವೇ, ಕಾಲುವೆಗೆ ನೀರು ಬರೋದು ಇನ್ನು ಏಳು ದಿನಕ್ಕೆ. ಬಂದ ಮೇಲೆ ನಾಲ್ಕೇ ದಿನ ಇರುತ್ತೆ. ಅಷ್ಟರೊಳಗೆ ನೀನು ಉತ್ತು, ಬಿತ್ತಿ..."

"ಬಿತ್ತೇ ಬಿತ್ತೀನಿ. ಇದೇ ಗಾಡೀಲಿ. ಈ ಸರದಿ ನೀರು ಹೋಗೋದ್ರೊಳಗೆ, ಪ್ರತಿ ವರ್ಷ ಹಾಕೋ ಇನ್ನೂರ ನಲವತ್ತು ಸಾಲಲ್ಲಿ ಒಂದೇ ಒಂದು ಕಡಿಮೆಯಾದ್ರೂ ಹೊಲ ನಿಮಗೇ ಪಾಲಿಗೆ, ಹೋಗಿ."

ಬಾಯಿ ಜಾರಿದ ಮೇಲೆ ನಾಲಗೆ ಕಚ್ಚಿಕೊಂಡಳು, ಆದರೆ ಏರಿಯ ಮೇಲೆ ಹನ್ನೆರಡು ಜನ ಕೇಳಿದ್ದರು. ಹಾಜಿ ಜಪಮಾಲೆ ಜೇಬಿಗಿಟ್ಟುಕೊಂಡ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಎಲ್ಲ ಕೇಳಿಸ್ಕೊಂಡ್ರಲ್ಲಪ್ಪ?"

ಎಲ್ಲರೂ ಕೇಳಿಸಿಕೊಂಡಿದ್ದರು.

ಮರುದಿನ ನಬವಿಯಾ ನೇಗಿಲನ್ನು ಪಟ್ಟಣಕ್ಕೆ, ಉಸ್ತಾ ಬಿಶಾರಾನ ಕುಲುಮೆಗೆ ಸಾಗಿಸಿದಳು. ಕಬ್ಬಿಣದ ಕೆಲಸದಲ್ಲಿ ಸುತ್ತಲ ಹತ್ತೂರಿಗೆ ಅವನೇ ಉಸ್ತಾ, ದೊಡ್ಡ ಮೇಸ್ತ್ರಿ. ಮಾತು ಕಡಿಮೆ, ಸಿಟ್ಟು ಜಾಸ್ತಿ. ನೇಗಿಲನ್ನೊಮ್ಮೆ, ಟ್ರಾಕ್ಟರನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಅಕ್ಕಾ, ಏಳು ಹಲ್ಲಲ್ಲಿ ನಾಲ್ಕು ತೆಗೀಬೇಕು. ಇದರ ಚೌಕಟ್ಟೂ ಕೊಯ್ಯಬೇಕು."

"ಮಾವನ ನೇಗಿಲು ಅದು."

"ಮಾವ ಬಂದು ಎಳೀತಾರಾ?"

ಕೊಯ್ದ. ಮೂರು ಹಲ್ಲಿನ ನೇಗಿಲಾಯಿತು. ಹೊಲಕ್ಕೆ ತಂದು ಕಟ್ಟಲು ಹೋದರೆ ನೇಗಿಲಿನ ಪಿನ್ನು ದಪ್ಪ, ಟ್ರಾಕ್ಟರಿನ ತೋಳಿನ ತೂತು ಸಣ್ಣ. ದೊಡ್ಡ ಗಾಡಿಗೆ ಮಾಡಿದ ಪಿನ್ನು ಸಣ್ಣ ಗಾಡಿಗೆ ಹೇಗೆ ಹೊಕ್ಕೀತು? ಮತ್ತೆ ಪಟ್ಟಣ. ಬಿಶಾರಾ ಪಿನ್ನು ಬದಲಿಸಿಕೊಟ್ಟ. ಈಗ ಹೊಕ್ಕಿತು, ಆದರೆ ಒಂದು ಕಡೆ ಸಡಿಲ. ನೇಗಿಲು ಕುಡಿದವನ ಹಾಗೆ ಓಲಾಡುತ್ತಾ ಒಂದೇ ಪಕ್ಕಕ್ಕೆ ಆಳವಾಗಿ ಉತ್ತಿತು. ಮತ್ತೆ ಪಟ್ಟಣ. ಐದು ದಿನ ಹೀಗೇ ಹೋಯಿತು. ಅಷ್ಟರಲ್ಲಿ ಹಿರೀಕರ ನೇಗಿಲನ್ನು ಕೊಯ್ಸಿದ ಸೊಸೆ ಎಂಬ ಹೆಸರೂ ಬಂತು. ಒಂದು ಮಧ್ಯಾಹ್ನ ಅವಳು ಹೊಲದ ನಡುವೆ ಟ್ರಾಕ್ಟರಿನಿಂದಿಳಿದು ಅದರ ಚಕ್ರಕ್ಕೆ ಒದ್ದು, ಹೆಬ್ಬೆರಳು ಊದಿಸಿಕೊಂಡು, ಬುತ್ತಿಯ ರೊಟ್ಟಿ ಉಪ್ಪುಗಿಣ್ಣನ್ನು ಹಾಗೇ ಬಿಟ್ಟು ಅತ್ತಳು. ಅತ್ತಾದ ಮೇಲೆ ಉಳಿದರ್ಧ ಹೊಲ ಉತ್ತಳು.

ಆಮೇಲೆ ಕೂರಿಗೆಯ ಸರದಿ. ಬಿಶಾರಾ ಹಳೆಯ ಸಾಮಾನು ಸೇರಿಸಿ ಎರಡು ಸಾಲಿನ ಕೂರಿಗೆ ಮಾಡಿದ. ಮಣ್ಣು ಏರಿಸಿ ಬೋದು ಕಟ್ಟುತ್ತಾ ಬೀಜ ಉದುರಿಸುತ್ತಾ ಹೋಗುವಂಥದು.

"ಸಾಲಿಗೂ ಸಾಲಿಗೂ ಎಷ್ಟು ಬೇಕು?"

"ಎರಡು ಕೋಲಿಗೆ ಹನ್ನೆರಡು. ನಮ್ಮಲ್ಲಿ ಯಾವಾಗ್ಲೂ ಹನ್ನೆರಡೇ."

ಆ ಸೀಮೆಯಲ್ಲಿ ಹೊಲ ಅಳೆಯುವುದೂ ಸಾಲು ಹಾಕುವುದೂ ಜೊಂಡಿನ ಅಳತೆಕೋಲಿನಿಂದಲೇ. ಎರಡು ಕೋಲಿಗೆ ಹನ್ನೆರಡು ಎಂದರೆ ಬಿಶಾರಾನಂಥವರಿಗೆ ಬೇರೆ ಹೇಳಬೇಕಿಲ್ಲ. ಅವನು ಕೂರಿಗೆಯ ಕಾಲುಗಳನ್ನು ಅಷ್ಟಕ್ಕೇ ಕೂರಿಸಿದ. ಟ್ರಾಕ್ಟರಿನ ಚಕ್ರಗಳು ಬೋದನ್ನು ತುಳಿಯದೆ ನಡುವಿನ ಕಣಿಯಲ್ಲೇ ಓಡಬೇಕೆಂದು ಅವನ್ನೂ ಬಿಚ್ಚಿ ತಿರುವಿ ಹಾಕಿದ.

"ಇನ್ನು ಕೂದಲೆಳೆ ಹೆಚ್ಚುಕಡಿಮೆ ಆಗಲ್ಲ ಅಕ್ಕಾ. ಆಯ್ತು ಅಂದ್ರೆ ಬಂದು ನನ್ನ ಕೇಳು."

ನೀರು ಬಂದ ಎರಡನೆಯ ದಿನ ಬೀಜದ ಕೊಳವೆ ಕಟ್ಟಿಕೊಂಡಿತು, ಮೂರನೆಯ ದಿನ ಸರಪಳಿ ಕಳಚಿತು. ನಾಲ್ಕನೆಯ ದಿನ, ಕೊನೆಯ ದಿನ, ಬೆಳಗಿನ ನಮಾಜು ಮುಗಿಯುತ್ತಲೇ ಶುರು ಮಾಡಿದಳು. ಒಣ ನೆಲದಲ್ಲಿ ಬೀಜ ಬಿತ್ತಿ ಸಂಜೆಯೊಳಗೆ ನೀರು ಬಿಟ್ಟರಾಯಿತು. ಕೂರಿಗೆ ಈ ಸಲ ಹೇಳಿದ ಮಾತು ಕೇಳಿತು. ಚಕ್ರ ಕಣಿಯಲ್ಲಿ ಓಡಿತು, ಬೋದು ನೇರವಾಗಿ ಎದ್ದಿತು. ಒಮ್ಮೆ ಹೋದರೆ ಎರಡು ಸಾಲು, ತಿರುಗಿ ಬಂದರೆ ಮತ್ತೆರಡು. ಹತ್ತು ದಿನದಲ್ಲಿ ಮೊದಲ ಸಲ ಅವಳಿಗೆ ಹಾಡಬೇಕೆನಿಸಿತು. ಹಾಡಲಿಲ್ಲ, ಎಣಿಸುವುದಿತ್ತು.

ಮಧ್ಯಾಹ್ನದ ಹೊತ್ತಿಗೆ ಹೊಲ ಮುಗಿಯಿತು. ಅಂಚಿನ ಗಡಿಕಲ್ಲಿಗೆ ಚಕ್ರ ತಾಗಿತು. ಅವಳ ಲೆಕ್ಕ ಇನ್ನೂರ ಇಪ್ಪತ್ತನಾಲ್ಕಕ್ಕೆ ನಿಂತಿತ್ತು. ಕೂರಿಗೆಯ ಡಬ್ಬಿಯಲ್ಲಿ ಬೀಜ ಇನ್ನೂ ಉಳಿದಿತ್ತು.

ಎಣಿಸಿದ್ದು ತಪ್ಪಿರಬೇಕೆಂದು ಇಳಿದು ನಡೆದು ಎಣಿಸಿದಳು. ಹಿಂದಿನಿಂದ ಹಾಜಿಯೂ ಎಣಿಸುತ್ತಾ ಬಂದ. ಇಬ್ಬರದೂ ಇನ್ನೂರ ಇಪ್ಪತ್ತನಾಲ್ಕು.

"ಹದಿನಾರು ಕಡಿಮೆ" ಎಂದ ಹಾಜಿ. ದನಿಯಲ್ಲಿ ಕನಿಕರವೂ ಇತ್ತು, ಅದೇ ಹೆಚ್ಚು ಉರಿಸಿತು.

"ಪ್ರತಿ ವರ್ಷ ಇನ್ನೂರ ನಲವತ್ತೇ ಬರ್ತಿತ್ತು. ಶಾಬಾನ್ ಇದ್ದಾಗ್ಲೂ, ಆಮೇಲೂ. ಹಗ್ಗ ಹಿಡಿದು, ಮನೆ ಕೋಲಲ್ಲಿ ಅಳೆದು ನಾನೇ ಗುರುತು ಹಾಕ್ತಿದ್ದೆ. ಕೂರಿಗೆ ಸರಿಯಿಲ್ಲ."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನಡಿ ನಬವಿಯಾ, ಸಾಕಾಯ್ತು. ಮೈಯೆಲ್ಲ ಎಣ್ಣೆ ಮಾಡ್ಕೊಂಡಿದೀಯ. ಹೋಗಿ ಸ್ನಾನ ಮಾಡು. ಹೊಲದ ಯೋಚನೆ ಇನ್ನು ನನಗಿರಲಿ."

ಅವಳು ಸ್ನಾನಕ್ಕೆ ಹೋಗಲಿಲ್ಲ, ಫೋನು ಮಾಡಿದಳು. ಬಿಶಾರಾನಿಗೆ ಅವಳು ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅರ್ಧ ಗಂಟೆಯಲ್ಲಿ ಅವನು ಒಂದು ತುಕ್‌ತುಕ್ ಆಟೋ ಹಿಡಿದು ಬಂದ, ಮೂಗಿನ ಹೊಳ್ಳೆ ಅರಳಿಸಿಕೊಂಡು, ಕೈಯಲ್ಲಿ ಉಕ್ಕಿನ ಟೇಪು ಹಿಡಿದು. ಏರಿಯ ಮೇಲಿನ ಗಂಡಸರು ಈಗ ಹೊಲದಲ್ಲೇ ನಿಂತಿದ್ದರು.

ಬಿಶಾರಾ ಯಾರ ಮುಖವನ್ನೂ ನೋಡದೆ ಹನ್ನೆರಡು ಸಾಲಿಗೆ ಟೇಪು ಹಾಸಿದ.

"ಏಳು ಮೀಟರು, ಮೇಲೆ ಹತ್ತು ಸೆಂಟಿಮೀಟರು. ಎರಡು ಕೋಲು ಅಂದ್ರೆ ಅಷ್ಟೇ. ಇನ್ನೇನು ಬೇಕು ನಿಂಗೆ?"

"ಟೇಪು ನಂಬಲ್ಲ ನಾನು. ಇರು."

ಮನೆಗೆ ಓಡಿ, ಬಾಗಿಲ ಮೇಲೆ ಮೊಳೆಗೆ ಸಿಕ್ಕಿಸಿದ್ದ ಮಾವನ ಅಳತೆಕೋಲನ್ನು ತಂದಳು. ಹೊಗೆಗೆ ಕಪ್ಪಾಗಿತ್ತು. ಅದೇ ಹನ್ನೆರಡು ಸಾಲಿನ ಮೇಲೆ ಒಮ್ಮೆ ಮಲಗಿಸಿದಳು, ತುದಿಗೆ ಬೆರಳಿಟ್ಟು ಮತ್ತೊಮ್ಮೆ ಮಲಗಿಸಿದಳು. ಎರಡನೆಯ ಕೋಲು ಹನ್ನೆರಡನೆಯ ಸಾಲನ್ನು ಮುಟ್ಟಲಿಲ್ಲ. ಎರಡು ಗೇಣು ಹಿಂದೆಯೇ ನಿಂತಿತು.

"ನೋಡ್ರಪ್ಪಾ" ಎಂದಳು ಸುತ್ತ ತಿರುಗಿ. "ನೋಡಿ ಎಲ್ಲ. ಎಷ್ಟು ಅಗಲ ಮಾಡಿದಾನೆ."

ಬಿಶಾರಾ ಕೋಲನ್ನು ಅವಳ ಕೈಯಿಂದ ಕಿತ್ತುಕೊಂಡು ಅದರ ಮೇಲೇ ಟೇಪು ಎಳೆದ. ಎರಡು ಸಲ ಎಳೆದ. ಅವನ ಸಿಟ್ಟು ಇಳಿದುಹೋಯಿತು.

"ಅಕ್ಕಾ, ಇದು ಕೋಲಲ್ಲ. ಕೋಲು ಮೂರು ಮೀಟರು ಐವತ್ತೈದು. ಇದು ಮೂರು ಮೂವತ್ತೊಂದು. ಒಂದು ಗೇಣು ಮುರಿದಿದೆ, ತುದಿ ನೋಡು."

ಜನ ಕೋಲಿನ ತುದಿ ನೋಡಲು ಮುಂದೆ ಬಾಗಿದರು. ಆಮೇಲೆ ಹಾಜಿ ಮಾತಾಡಿದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

"ನನ್ನ ಯಾಕೆ ನೋಡ್ತೀರಿ? ಅದನ್ನ ಮುರಿದಿದ್ದು ಇವಳೇ. ಒಲೆ ಕೆದಕೋ ಕೋಲು ಸುಟ್ಟುಹೋಗಿತ್ತು, ರೊಟ್ಟಿ ತೆಗೆಯೋಕೆ ಅಂತ ಇದರ ತುದಿ ಮುರ್ಕೊಂಡ್ಲು. ಅಪ್ಪ ಇನ್ನೂ ಇದ್ದರು. ನನ್ನ ಕಣ್ಣೆದುರೇ ಮುರಿದ್ಲು."

ನಿಜ. ಮರೆತೇಹೋಗಿತ್ತು ಅವಳಿಗೆ. ಅತ್ತೆ ತೀರಿಹೋದ ಚಳಿಗಾಲ, ಮನೆ ತುಂಬ ನೆಂಟರು, ಒಲೆಯೊಳಗೆ ಕಪ್ಪಾಗುತ್ತಿದ್ದ ರೊಟ್ಟಿ. ಕೈಗೆ ಸಿಕ್ಕ ಜೊಂಡು, ಸೀಳಿದ್ದ ತುದಿ, ಲಟಕ್ಕನೆ ಮುರಿದದ್ದು. ಮೊದಲು ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಹತ್ತು ದಿನ ಪಿನ್ನು, ಕೊಳವೆ, ಸರಪಳಿ ಎಂದು ಎಲ್ಲರನ್ನೂ ಬೈದಿದ್ದಳು. ಎಲ್ಲಕ್ಕಿಂತ ದೊಡ್ಡ ಕೇಡನ್ನು ಒಂದು ಒಬ್ಬೆ ರೊಟ್ಟಿಗೋಸ್ಕರ ತಾನೇ ಮಾಡಿಟ್ಟಿದ್ದಳು.

ಆಮೇಲೆ ಹಾಜಿಯ ಮಾತು ನಿಧಾನವಾಗಿ ಅವಳೊಳಗೆ ಇಳಿಯಿತು. ಅಪ್ಪ ಇನ್ನೂ ಇದ್ದರು.

"ಭಾವ," ಎಂದಳು. ದನಿ ಏರಿಸಲಿಲ್ಲ. "ಮಾವ ಬರೆದ ನಮ್ಮ ಪಾಲು ಅಳೆದಿದ್ದು ಹತ್ತು ವರ್ಷದ ಹಿಂದೆ, ಅವರು ಸತ್ತು ನಲವತ್ತು ದಿನ ಆದ ಮೇಲೆ. ಕೋಲು ಹಿಡಿದೋರು ನೀವು. ಆ ಬದುವಿನಿಂದ ನಲವತ್ತು ಕೋಲು ಅಳೆದು ಇಲ್ಲಿ ಕಲ್ಲು ನೆಟ್ರಿ. ಮಿಕ್ಕಿದ್ದೆಲ್ಲ ನಿಮ್ಮದಾಯ್ತು. ಈ ಕೋಲಲ್ಲೇ ಅಳೆದ್ರಿ."

ಹಾಜಿಯ ಕೈ ಜೇಬಿನಲ್ಲಿ ಜಪಮಾಲೆ ಹುಡುಕುತ್ತಿತ್ತು.

"ಮುರಿದಿದ್ದು ನಾನು, ಒಪ್ಪಿದೆ. ನಾನು ಮರೆತೆ. ನೀವು ಮರೆತಿರಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇಲ್ಲಿ ಕಳ್ಳ ಎಂದು ಯಾರೂ ಅಂದೂ ಇರಲಿಲ್ಲ. ಹೊಲದಲ್ಲಿದ್ದ ಗಂಡಸರಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ ಕಾಲುವೆಯ ನೀರು ಎಷ್ಟಿದೆ ಎಂದು ನೋಡಲು ತಿರುಗಿದ. ಬಿಶಾರಾ ಮಾತ್ರ ಬೆರಳಲ್ಲಿ ಲೆಕ್ಕ ಹಾಕುತ್ತಿದ್ದ. ನಲವತ್ತು ಕೋಲಿಗೆ ನಲವತ್ತು ಗೇಣು. ಅಂದರೆ, ಇಪ್ಪತ್ತನಾಲ್ಕಕ್ಕೆ ಒಂದು ಫೆದ್ದಾನು ಎನ್ನುವ ಕೀರಾತಿನ ಲೆಕ್ಕದಲ್ಲಿ, ಮೂರು ಕೀರಾತಿಗಿಂತ ತುಸು ಹೆಚ್ಚೇ. ಹತ್ತು ವರ್ಷದ ಬೆಳೆ ಅದರ ಮೇಲೆ ಬೇರೆ.

"ಮನೆಯೊಳಗಿನ ಮಾತು ಇದು" ಎಂದ ಹಾಜಿ. "ಸಂಜೆ ಕೂತು ಮಾತಾಡೋಣ."

"ಸಂಜೆ ನೀರು ಹೋಗುತ್ತೆ. ಉಸ್ತಾ, ಆ ಬದುವಿನಿಂದ ಟೇಪು ಹಿಡಿ. ನಲವತ್ತು ಕೋಲು. ಸರಿಯಾದ ಕೋಲು."

ಬಿಶಾರಾ ಹಿಡಿದ. ಇನ್ನೊಂದು ತುದಿ ಹಿಡಿಯಲು, ಹತ್ತು ದಿನದ ಹಿಂದೆ ಆಕಾಶ ಉಳುತ್ತೀಯಾ ಎಂದು ನಕ್ಕಿದ್ದವನೇ ಬಂದ. ಟೇಪು ಗಡಿಕಲ್ಲನ್ನು ದಾಟಿ, ಹಾಜಿಯ ಉತ್ತು ಬಿಟ್ಟಿದ್ದ, ಇನ್ನೂ ಬಿತ್ತದ ಹೊಲದೊಳಗೆ ಹೋಗಿ, ಒಂಬತ್ತು ಮೀಟರಿನಾಚೆ ನಿಂತಿತು. ಬಿಶಾರಾ ಅಲ್ಲಿ ಮುರಿದ ಅಳತೆಕೋಲನ್ನೇ ನೆಟ್ಟ.

ನಬವಿಯಾ ಟ್ರಾಕ್ಟರ್ ಏರಿದಳು. ಗಡಿಕಲ್ಲಿನ ಆಚೆ, ಮುಂದಿನ ಸಾಲು ಬರಬೇಕಾದ ಜಾಗದಲ್ಲೇ ಹಾಜಿ ನಿಂತಿದ್ದ, ಎರಡು ಕಾಲೂ ಊರಿಕೊಂಡು. ಅವಳು ಗೇರು ಹಾಕಿದಳು, ಕೂರಿಗೆ ಇಳಿಸಿದಳು. ಚಿಕ್ಕ ಗಾಡಿ, ನಿಧಾನವಾಗಿಯೇ ಬಂತು. ಹಾಜಿ ಜನರ ಕಡೆ ನೋಡಿದ. ಅವರಲ್ಲಿ ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಎರಡು ಮಾರು ದೂರ ಉಳಿದಾಗ ಅವನು ಜುಬ್ಬದ ಅಂಚು ಎತ್ತಿಕೊಂಡು ಪಕ್ಕಕ್ಕೆ ಸರಿದ.

ನಾಲ್ಕು ಸಲ ಹೋಗಿ ಬಂದಳು. ಕೊನೆಯ ತಿರುವಿನಲ್ಲಿ ಇಳಿದು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ತಳದಲ್ಲಿ ಒಂದು ಹಿಡಿ ಜೋಳ ಉಳಿದಿತ್ತು. ಎಣ್ಣೆಗೈಯನ್ನು ಲಂಗಕ್ಕೆ ಒರೆಸಿಕೊಂಡು, ಏರಿಯ ಮೇಲೆ ಒಬ್ಬನೇ ಕುಳಿತಿದ್ದವನ ಹತ್ತಿರ ಹೋದಳು.

"ಇನ್ನೂರ ನಲವತ್ತು, ಭಾವ. ಮಾತು ಅಂದ್ರೆ ಮಾತು. ಎದ್ದು ಎಣಿಸ್ಕೊಳ್ಳಿ, ನಾನು ನೀರು ಬಿಡಬೇಕು."